ಬೆಚ್ಚಗಾದ ಲಸಿಕೆ

14 ಮೇ 2003, ಬುಧವಾರ

ಆಸ್ಪತ್ರೆಯ ಸೋಲಾರ್ ಫ್ರಿಜ್ ಕೊನೆಗೂ ಸತ್ತಿತು. ಕರೆಂಟು ಇಲ್ಲದಿದ್ದರೂ ಬಿಸಿಲಿನಿಂದಲೇ ಲಸಿಕೆ ತಂಪಾಗಿರುತ್ತದೆ ಎಂದು ಎರಡು ವರ್ಷದ ಹಿಂದೆ ಮನೆಮನೆಗೆ ಹೋಗಿ ಹೇಳಿದವಳು ನಾನೇ. ಹೊಸ ಬ್ಯಾಟರಿಗಾಗಿ ಮೂರು ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಇವತ್ತು ನೋಡಿದರೆ ದಡಾರದ ಲಸಿಕೆಯ ಸೀಸೆಗಳೆಲ್ಲ ಬೆಚ್ಚಗಾಗಿದ್ದವು. ಎಲ್ಲವನ್ನೂ ಬಿಸಾಡಿದೆ.

ಅಷ್ಟರಲ್ಲಿ ಊರಾಚೆ ತೋಟದ ಮನೆಯಲ್ಲಿರುವ ಗೌಸಬಿ ಮೊಮ್ಮಗಳನ್ನು ಎತ್ತಿಕೊಂಡು ನಡೆದು ಬಂದಳು.

"ಲಗೂನ ಸೂಜಿ ಮಾಡ್ರಿ ನರ್ಸಬಾಯಿ, ಬಾಜೂ ಮನಿ ಕೂಸಿಗೆ ದಡಾರ ಎದ್ದೈತಿ."

"ಔಷಧ ಕೆಟ್ಟೈತಿ ಗೌಸಬಿ. ಸಿಂದಗಿ ದವಾಖಾನಿಗೆ ಕರ್ಕೊಂಡು ಹೋಗು."

"ಬಿಸಲಾಗ ಕೆಡೂದಿಲ್ಲ ಅಂತ ನೀವ ಹೇಳಿದ್ರಲ್ರಿ?"

ಅವಳು ಮಗುವಿನ ತಲೆಗೆ ಸೆರಗು ಹೊದಿಸಿ ಹೊರಟಳು. ಬಸ್ಸಿನ ದಾರಿ ಹಿಡಿಯದೆ ತೋಟದ ಕಡೆಗೇ ನಡೆದಳು. ಕೂಗಿ ಕರೆಯಬೇಕೆನಿಸಿತು. ಕರೆದು ಏನು ಕೊಡಲಿ?