ಒಂದು ಕಡೆ ಮಾರಿಷಸ್, ಒಂದು ಕಡೆ ಮಲಾವಿ

ಸೆಪ್ಟೆಂಬರ್ 23, ಮಂಗಳವಾರ. ಬೆಳಗಿನ ಜಾವ 4.10

ಕೋಗಿಲೆ. ಮತ್ತೆ ಅದೇ. ಅಪಾರ್ಟ್‌ಮೆಂಟಿನ ಹಿಂದಿನ ಮರದಲ್ಲಿ ಕೂತು ಒಂದೇ ಸಮನೆ ಕಿರುಚುತ್ತಿದೆ. ಊರಲ್ಲಾಗಿದ್ದರೆ ಯುಗಾದಿ ಬಂತು ಅನ್ನುತ್ತಿದ್ದೆ. ಇಲ್ಲಿ ಸಿಡ್ನಿಯ ಎಪ್ಪಿಂಗ್‌ನಲ್ಲಿ ವಸಂತ ಬರುವುದು ಸೆಪ್ಟೆಂಬರ್‌ಗೆ. ಕೋಗಿಲೆಯ ಮೇಲೆ ಜನ ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡುತ್ತಾರಂತೆ. ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಈಗ ಫಾರ್ಮ್ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಬೇಕು.

ಆದ್ಯಾ ಎದ್ದಳು. ಹಾಲು, ಎಡಗಡೆ ಹನ್ನೆರಡು ನಿಮಿಷ, ಬಲಗಡೆ ಆರು. ಮಲಗಿದಳು. ನನಗಿನ್ನು ನಿದ್ದೆ ಇಲ್ಲ. ಐದು ತಿಂಗಳಾದರೂ ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತೇನೆ. ಮೂವತ್ತಮೂರು ವಾರಕ್ಕೇ ಹುಟ್ಟಿದವಳು. "ಉಸಿರು ಎಣಿಸೋದು ನಿಲ್ಲಿಸಿ" ಅಂತ ಕ್ಲಿನಿಕ್ ನರ್ಸ್ ಮೂರು ಸಲ ಹೇಳಿದ್ದಾಳೆ. ಹೇಳುವುದು ಸುಲಭ.

ಗುರು ಮೆಲ್ಬರ್ನ್‌ಗೆ ಹೋಗಿ ಒಂಬತ್ತು ದಿನ. ಪ್ರಾಜೆಕ್ಟ್ ಅಕ್ಟೋಬರ್ ಹದಿನಾಲ್ಕಕ್ಕೆ ಮುಗಿಯುತ್ತದೆ. ಕಂಪನಿಗೆ ಉತ್ತರ ಕೊಡಬೇಕಾದ ದಿನವೂ ಅದೇ. ಇಲ್ಲಿನ ವೀಸಾ ಡಿಸೆಂಬರ್‌ವರೆಗೆ ಮಾತ್ರ, ಇನ್ನು ಸ್ಪಾನ್ಸರ್ ಮಾಡುವುದಿಲ್ಲವಂತೆ. ಕೆಲಸ ಉಳಿಯಬೇಕಾದರೆ ಎರಡು ವರ್ಷ ಆಫ್ರಿಕಾ. ಮಾರಿಷಸ್ ಅಥವಾ ಮಲಾವಿ. ಒಂದಕ್ಕೆ ಸುತ್ತಲೂ ಸಮುದ್ರ. ಇನ್ನೊಂದಕ್ಕೆ ಸಮುದ್ರವೇ ಇಲ್ಲ, ಉದ್ದಕ್ಕೂ ಒಂದು ಸರೋವರ.

"ನೀನೇ ಡಿಸೈಡ್ ಮಾಡು ಹರ್ಷಿ. ಇಡೀ ದಿನ ಮಗು ಜೊತೆ ಇರೋಳು ನೀನು. ನೀನು ಯಾವುದಂತೀಯೋ ಅದೇ ಫೈನಲ್" ಅಂದ ಫೋನಿನಲ್ಲಿ. ಒಳ್ಳೆಯತನಕ್ಕೆ ಅಂದನೋ, ತಲೆಭಾರ ಇಳಿಸಿಕೊಂಡನೋ...

ಸೆಪ್ಟೆಂಬರ್ 25. ಮಧ್ಯಾಹ್ನ

ಮಗು ಮಲಗಿದ ಮುಕ್ಕಾಲು ಗಂಟೆಯಲ್ಲಿ ಹಿಂದಿನ ಪುಟಕ್ಕೆ ಗೆರೆ ಎಳೆದೆ. ಎಡಕ್ಕೆ ದ್ವೀಪ, ಬಲಕ್ಕೆ ಸರೋವರ.

ದ್ವೀಪದಲ್ಲಿ ಮಲೇರಿಯಾ ಇಲ್ಲ. ಡೆಂಗಿ ಬರುತ್ತದೆ, ಹೋಗುತ್ತದೆ. ಸೈಕ್ಲೋನ್ ಇದೆ. ಬೇಕಾದಷ್ಟು ದೇವಸ್ಥಾನ. ಬೆಂಗಳೂರಿಗೂ ಅಲ್ಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಮ್ಮನಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಸರೋವರದ ದೇಶದಲ್ಲಿ ಮಲೇರಿಯಾ ಇದೆ. ವರ್ಷವಿಡೀ. ಐದು ವರ್ಷದೊಳಗಿನ ಮಕ್ಕಳಿಗೇ ಅಪಾಯ ಜಾಸ್ತಿ. ಕರೆಂಟ್ ಹೋಗುತ್ತಿರುತ್ತದೆ. ಅಷ್ಟು ಚೆಂದದ ನೀರು, ಇಳಿಯುವ ಹಾಗಿಲ್ಲ. ಬಸವನಹುಳದಿಂದ ಬರುವ ರೋಗವಂತೆ. ರಾಜಧಾನಿ ಲಿಲಾಂಗ್ವೆಯಲ್ಲಿ ಬಡಾವಣೆಗಳಿಗೆ ಹೆಸರಿಲ್ಲ, ನಂಬರ್. ಆ ನಂಬರೂ ಸಾಲಾಗಿಲ್ಲ.

ಎಂಎಸ್ಸಿ ಮೈಕ್ರೋಬಯಾಲಜಿ ಓದಿದ್ದು ಯಾಕಾದರೂ. ಪ್ರಾಕ್ಟಿಕಲ್‌ನಲ್ಲಿ ಮಲೇರಿಯಾ ಸ್ಲೈಡ್ ನೋಡಿ ರಕ್ತಕಣದೊಳಗಿನ ಪುಟ್ಟ ಉಂಗುರ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದೆ. ಈಗ ಕಣ್ಣು ಮುಚ್ಚಿದರೆ ಅದೇ ಉಂಗುರ, ಆದ್ಯಾಳ ರಕ್ತದಲ್ಲಿ.

ಕಂಪನಿಯ ಪಿಡಿಎಫ್ ಹನ್ನೊಂದು ಪುಟ. ಮನೆ, ಆಸ್ಪತ್ರೆ, ಇನ್ಶೂರೆನ್ಸ್ — ಐದರವರೆಗೆ ಓದಿದೆ. ಎದ್ದಳು.

ಸೆಪ್ಟೆಂಬರ್ 29. ಸಂಜೆ

ಮೂರನೇ ಮಹಡಿಯ ಟಿಯಾಮಿಕೆ ಬಾಗಿಲು ತಟ್ಟಿದಳು. ಲಾಂಡ್ರಿ ರೂಮಿನಲ್ಲಿ ಮಗುವಿನ ಕಾಲುಚೀಲ ಬಿದ್ದಿತ್ತಂತೆ. ಬ್ಲ್ಯಾಕ್‌ಟೌನ್‌ನಲ್ಲಿ ವೃದ್ಧಾಶ್ರಮದ ಕೆಲಸ ಅವಳಿಗೆ. ಎರಡು ವರ್ಷದಿಂದ ಲಿಫ್ಟ್‌ನಲ್ಲಿ ನಗುತ್ತೇವೆ. ಮಲಾವಿಯವಳೆಂದು ಗೊತ್ತಾಗಿದ್ದು ಮೊನ್ನೆ. ಅಕ್ಕಪಕ್ಕದ ಮನೆ ಬಿಟ್ಟು ಗೂಗಲ್‌ನಲ್ಲಿ ದೇಶ ಹುಡುಕುತ್ತಿದ್ದೆ.

ಒಲೆಯ ಮೇಲೆ ರಾಗಿ ಮುದ್ದೆ. ಒಳಗೆ ಬಂದು ಪಾತ್ರೆಗೆ ಇಣುಕಿ ಜೋರಾಗಿ ನಕ್ಕಳು.

"ಇದು ನಮ್ಮ ನ್ಸಿಮಾ! ನಮ್ಮದು ಬೆಳ್ಳಗೆ, ಮೆಕ್ಕೆಜೋಳದ ಹಿಟ್ಟು. ಇದ್ಯಾಕೆ ಇಷ್ಟು ಕಪ್ಪಾಯ್ತು, ಸೀದುಹೋಯ್ತಾ?"

ಕೂರಿಸಿ ಬಡಿಸಿದೆ. ಕೈಯಲ್ಲೇ ತಿಂದಳು. ನಾನು ನುಂಗುವುದನ್ನು ಕಂಡು ಕಣ್ಣರಳಿಸಿದಳು.

"ಅಗಿಯೋದೇ ಇಲ್ವಾ? ಬಸ್ಸು ಹೊರಡ್ತಾ ಇದೆಯಾ ಹೊರಗೆ?"

ಎಷ್ಟೋ ದಿನದ ಮೇಲೆ ನಕ್ಕೆ. ಆಮೇಲೆ ಕೇಳಿಯೇಬಿಟ್ಟೆ, ಮಲೇರಿಯಾ ವಿಷಯ.

"ಇದೆ. ಸುಳ್ಳು ಯಾಕೆ ಹೇಳಲಿ. ನನ್ನ ತಮ್ಮ ಅದರಲ್ಲೇ ಹೋದ, ಮೂರು ವರ್ಷಕ್ಕೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದ್ದು, ಚೆನ್ನಾಗೇ ಇದಾರೆ. ರಾತ್ರಿ ಸೊಳ್ಳೆ ಪರದೆ. ಜ್ವರ ಬಂದ ದಿನವೇ ಟೆಸ್ಟ್. ಮಾರನೇ ದಿನ ಅಲ್ಲ, ಅದೇ ದಿನ. ನಿಮ್ಮ ಹತ್ತಿರ ಕಾರಿರುತ್ತೆ, ಅಮಾಯಿ. ನಮ್ಮಮ್ಮನ ಹತ್ತಿರ ಇರಲಿಲ್ಲ."

ಅಮಾಯಿ ಅಂದರೆ ತಾಯಿ. ಎಲ್ಲ ಹೆಂಗಸರನ್ನೂ ಹಾಗೇ ಕರೆಯುವುದಂತೆ.

"ಮಕ್ಕಳು ಎಲ್ಲಿ?"

"ಅಜ್ಜಿ ಹತ್ತಿರ. ಕರೆಸಿಕೊಳ್ಳೋಕೆ ಪೇಪರ್ ಹಾಕಿ ನಾಲ್ಕು ವರ್ಷ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಚಿಕ್ಕವಳು ನನ್ನನ್ನ ಆಂಟಿ ಅಂದಳು." ತಟ್ಟೆ ಒರೆಸುತ್ತ ಅಂದಳು, ಹವಾಮಾನದ ಸುದ್ದಿ ಹೇಳಿದ ಹಾಗೆ.

ಅವಳು ಹೋದ ಮೇಲೆ ಬಲಗಡೆಯ ಮಲೇರಿಯಾ ಪದದ ಕೆಳಗೆ ಎರಡು ಗೆರೆ ಎಳೆದೆ. ತಮ್ಮ, ಮೂರು ವರ್ಷ. ಅದೊಂದೇ ಕಿವಿಯಲ್ಲಿ ಉಳಿದಿದೆ.

ಅಕ್ಟೋಬರ್ 5, ಭಾನುವಾರ. ಮೆಲ್ಬರ್ನ್, ಕ್ಲೇಟನ್

ರಾತ್ರಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು, ಬೇಸಿಗೆ ಬಂತೆಂದು ಪ್ರತಿ ವರ್ಷ ಹೀಗೆ ತಿರುಗಿಸುತ್ತಾರೆ. ಸರ್ಕಾರ ಹೇಳಿದರೆ ಎಲ್ಲರೂ ಕೇಳುತ್ತಾರೆ, ಆದ್ಯಾಗೆ ಹೇಳುವವರ‍್ಯಾರು. ಇದ್ದ ನಿದ್ದೆಯಲ್ಲಿ ಒಂದು ಗಂಟೆ ಕಳವು.

ಸಿಡ್ನಿಯಲ್ಲಿ ಸೋಮವಾರ ರಜೆ, ಇಲ್ಲಿ ಇಲ್ಲ. ಆದರೂ ಬಂದೆ. ಫ್ಲೈಟ್‌ನಲ್ಲಿ ಉದ್ದಕ್ಕೂ ಅತ್ತಳು, ಅಪ್ಪನನ್ನು ಕಂಡ ತಕ್ಷಣ ಸುಮ್ಮನಾದಳು. ಗುರು ಸೊರಗಿದ್ದಾನೆ. ಶರ್ಟಿನ ಕಾಲರ್ ಸಡಿಲ.

ಅವನಿರುವ ರೂಮಿನ ಮಾಲೀಕರು ಮಿಸ್ಟರ್ ರಾಮಸಾಮಿ, ಮಾರಿಷಸ್‌ನವರು. ಐದು ತಲೆಮಾರಿನ ಹಿಂದೆ ಕಬ್ಬಿನ ಗದ್ದೆಗೆ ಹೋದ ತಮಿಳರ ಪೈಕಿ. ತಮಿಳು ಬರುವುದಿಲ್ಲ. ಗೋಡೆಯ ಮೇಲೆ ಮುರುಗ. ಬೇಳೆ ತುಂಬಿದ ಪೂರಿ ಮಾಡಿಕೊಟ್ಟರು — ಬಾಯಿಗಿಟ್ಟರೆ ಬೆಲ್ಲ ಹಾಕಲು ಮರೆತ ಒಬ್ಬಟ್ಟು.

"ಹೋಗು ಮಗಳೇ, ಸ್ವರ್ಗ" ಅಂದರು. "ಒಂದೂವರೆ ಗಂಟೆ ಕಾರು ಓಡಿಸಿದರೆ ದೇಶ ಮುಗೀತು. ಅತ್ತೆ ಜೊತೆ ಜಗಳ ಆದರೆ ಓಡಿಹೋಗೋಕೂ ಜಾಗ ಇಲ್ಲ."

"ಹಾಗಾದ್ರೆ ನೀವ್ಯಾಕೆ ಇಲ್ಲಿಗೆ ಬಂದ್ರಿ ಅಂಕಲ್?" ಅಂತ ಗುರು.

"ಅತ್ತೆ ಅಲ್ಲೇ ಇದ್ದಳಲ್ಲಪ್ಪ!"

ರಾತ್ರಿ ಮಗುವನ್ನು ನಡುವೆ ಮಲಗಿಸಿಕೊಂಡು, ಕತ್ತಲಲ್ಲಿ—

"ಪೂರ್ತಿ ಓದಿದ್ಯಾ ಹರ್ಷಿ, ಆ ಪಿಡಿಎಫ್?"

"ಓದ್ದೆ."

"ಎಲ್ಲಾ?"

"ಎಲ್ಲಾ ಗುರು. ಎಷ್ಟು ಸಲ ಕೇಳ್ತೀಯ? ಮಾರಿಷಸ್ಸೇ. ನಾನು ಯೋಚನೆ ಮಾಡೇ ಹೇಳ್ತಿದೀನಿ."

ಮಲಗಿದ ಅಂದುಕೊಂಡೆ. ಆಮೇಲೆ, ಮೆಲ್ಲಗೆ—

"ನಿಂಗೆ ಓಕೆನಾ?"

"ಯಾಕೆ ಓಕೆ ಇರಲ್ಲ? ಮಗು ಸೇಫ್ ಆಗಿರ್ಬೇಕು, ಅಷ್ಟೇ. ಮಿಕ್ಕಿದ್ದೆಲ್ಲಾ ನಡೆಯುತ್ತೆ."

ಗೋಡೆ ಕಡೆ ತಿರುಗಿದ. ಮಲಾವಿಯ ಕೆಲಸ ಅವನಿಗೆ ಇಷ್ಟವಿತ್ತು, ಗೊತ್ತು. ಅದಕ್ಕೇ ಬೇಜಾರಿರಬೇಕು. ಸಮಾಧಾನ ಮಾಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ನಿದ್ದೆ ಬಂತು. ಎಷ್ಟೋ ವಾರದ ಮೇಲೆ, ನಾಲ್ಕು ಗಂಟೆ, ಒಂದೇ ಸಮ.

ಅಕ್ಟೋಬರ್ 9

ಫೋನಿನಲ್ಲಿ ಎರಡೇ ಮಾತು. ಊಟ ಆಯ್ತಾ. ಮಗು ಹೇಗಿದಾಳೆ. ಮಗುವಿನ ವಿಡಿಯೋ ಕಳಿಸು ಅಂದ. ಕಳಿಸಿದೆ. ಇನ್ನೊಂದು ಅಂದ. ಅದನ್ನೂ ಕಳಿಸಿದೆ. ಇನ್ನೊಂದು...

ಎಡಗಡೆ ಹತ್ತು ನಿಮಿಷ. ಬಲಗಡೆ ಇಲ್ಲ.

ಅಕ್ಟೋಬರ್ 13, ಸೋಮವಾರ. ರಾತ್ರಿ 8.40

ಕ್ರಮವಾಗಿ ಬರೆಯುತ್ತೇನೆ. ಬರೆದರೆ ತಲೆ ಸ್ತಿಮಿತಕ್ಕೆ ಬಂದೀತು.

ಎಂಟೂಕಾಲಿಗೆ ದಾವಣಗೆರೆಯಿಂದ ಅತ್ತೆಯ ಫೋನ್.

"ಕೂಸು ಮಲಗೈತೇನಮ್ಮ? ಮೇಲಿನ ರೂಮಿಗೆ ಬಣ್ಣ ಹೊಡಿಸ್ತಾ ಇದೀವಿ. ಹಳದಿಯಾ, ನೀಲಿಯಾ, ಕೇಳಾನ ಅಂತ ಮಾಡ್ದೆ."

"ಯಾವ ರೂಮು ಅತ್ತೆ?"

"ಇನ್ಯಾವ್ದು, ನಿಂದು, ಕೂಸಿಂದು. ಒಂದು ವರ್ಷ ಇರ್ತೀರಲ್ಲ. ಗುರು ಹೇಳ್ದ. ಆ ಮಾರಿಷಸ್ಸಿಗೆ ಮೊದಲ್ನೇ ವರ್ಷ ಅವನೊಬ್ಬನ್ನೇ ಕರ್ಕಳ್ತಾರಂತಲ್ಲ ಕಂಪ್ನಿಯೋರು."

ಅತ್ತೆ ಹೇಳುತ್ತಲೇ ಇದ್ದರು.

"ನಿಮ್ಮ ಮಾವನೋರು ಆಗಲೇ ತೊಟ್ಟಿಲಿಗೆ ಪಾಲಿಶ್ ಮಾಡಿಸ್ತಾ ಕೂತಾರೆ. ನಮಗೇನಮ್ಮ, ಮೊಮ್ಮಗಳು ಬಂದ್ರೆ ಹಬ್ಬ. ಆದ್ರೂ ನೀನೇ ಆರಿಸಿದ್ಯಂತೆ? ಗಂಡನ್ನ ಬಿಟ್ಟು ಒಂದು ವರ್ಷ... ಈಗಿನ ಹುಡ್ಗೇರು ಗಟ್ಟಿ ಬಿಡು. ನಮಗಾಗ್ತಿರಲಿಲ್ಲಪ್ಪ."

"ಹಳದಿ ಮಾಡ್ಸಿ ಅತ್ತೆ" ಅಂದೆ. ಯಾಕೆ ಅಂದೆನೋ. ಫೋನ್ ಇಟ್ಟೆ.

ಪಿಡಿಎಫ್ ತೆಗೆದೆ. ಏಳನೇ ಪುಟ. ಮಾರಿಷಸ್: ಮೊದಲ ಹನ್ನೆರಡು ತಿಂಗಳು ಉದ್ಯೋಗಿ ಮಾತ್ರ, ಹಂಚಿಕೊಂಡಿರುವ ವಸತಿ. ಮಲಾವಿ: ಮೊದಲ ದಿನದಿಂದ ಕುಟುಂಬಸಮೇತ. ದಪ್ಪ ಅಕ್ಷರದಲ್ಲೇ ಇದೆ. ಕುರುಡಿಗೂ ಕಾಣುವ ಹಾಗೆ.

ಮೂರು ವಾರ ಸೊಳ್ಳೆ ನೋಡಿದೆ, ಬಸವನಹುಳ ನೋಡಿದೆ, ಸೈಕ್ಲೋನ್ ನೋಡಿದೆ. ಯಾರು ಜೊತೆಗಿರುತ್ತಾರೆ ಅನ್ನುವ ಸಾಲನ್ನೇ ನೋಡಲಿಲ್ಲ.

ಅವನು ಕೇಳಿದ. ಪೂರ್ತಿ ಓದಿದ್ಯಾ ಅಂತ. ಎರಡೆರಡು ಸಲ. ಓದಿದೆ ಅಂದೆ. ಮಾತು ಬೇಗ ಮುಗಿಯಲಿ ಅಂತ, ನಿದ್ದೆಗೋಸ್ಕರ ಹೇಳಿದ ಸುಳ್ಳು. ಅವನು ನಿಜ ಅಂದುಕೊಂಡ. ಹೆಂಡತಿ ಗೊತ್ತಿದ್ದೂ ಒಂದು ವರ್ಷದ ದೂರ ಆರಿಸಿದಳು ಅಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದ.

ರಾತ್ರಿ 11.20

ಗುರುವಿನ ಫೋನ್ ಸ್ವಿಚ್ ಆಫ್. ಇವತ್ತು ರಾತ್ರಿಯೇ ಅವನ ಪ್ರಾಜೆಕ್ಟಿನ ಕೊನೆ ಕೆಲಸ, ಡೇಟಾ ಸೆಂಟರ್ ಒಳಗೆ. ಎಂಟಕ್ಕೆ ಒಳಗೆ ಹೋದರೆ ಬರುವುದು ಬೆಳಗ್ಗೆ ಆರಕ್ಕೆ. ಫೋನ್ ಬಾಗಿಲ ಹತ್ತಿರದ ಲಾಕರಿನಲ್ಲಿ. ಮ್ಯಾನೇಜರ್ ಕೂಡ ಒಳಗೇ ಇರುತ್ತಾನೆ. "ಫಾರ್ಮ್ ಪ್ರಿಂಟ್ ಹಾಕಿ ಬ್ಯಾಗಲ್ಲಿ ಇಟ್ಕೊಂಡಿದೀನಿ, ಬೆಳಗ್ಗೆ ಅವನ ಕೈಗೇ ಸೈನ್ ಮಾಡಿ ಕೊಟ್ಟುಬಿಡ್ತೀನಿ. ಒಂದು ಕೆಲಸ ಮುಗೀತು" ಅಂದಿದ್ದ ಬೆಳಗ್ಗೆ. ಆ ದನಿಯಲ್ಲಿ ಏನೂ ಇರಲಿಲ್ಲ. ಕೇಳಿಸಿಕೊಳ್ಳಬೇಕಿತ್ತು, ಏನೂ ಇಲ್ಲದ್ದನ್ನು.

ಹದಿನಾಲ್ಕು ಮೆಸೇಜ್. ಎಲ್ಲಕ್ಕೂ ಒಂದೇ ಟಿಕ್.

ರಾಮಸಾಮಿ ಅಂಕಲ್‌ಗೆ ಮಾಡಿದೆ. ನಿದ್ದೆಗಣ್ಣಲ್ಲಿ, "ಆ ಜಾಗ ಎಲ್ಲಿದೆ ಅಂತ ನಂಗೊತ್ತಿಲ್ಲ ಮಗಳೇ, ಅವನು ಹೇಳೋ ಹಾಗೂ ಇಲ್ಲವಂತೆ. ಯಾರಿಗೆ ಏನಾಯ್ತು?" ಅಂದರು. ಯಾರಿಗೂ ಏನೂ ಆಗಿಲ್ಲ ಅಂದೆ.

ಅಕ್ಟೋಬರ್ 14. ಬೆಳಗಿನ ಜಾವ 1.35

ಎದ್ದಳು. ಎಡಗಡೆ ಏಳು ನಿಮಿಷ. ಹಾಲು ಕುಡಿಯುತ್ತ ನನ್ನ ಬೆರಳು ಹಿಡಿದುಕೊಂಡಿದ್ದಾಳೆ. ಗುರುವಿನ ಬೆರಳನ್ನೂ ಹೀಗೇ ಹಿಡಿಯುತ್ತಾಳೆ. ಈಗ ಐದೂವರೆ ತಿಂಗಳು. ಹೋಗುವುದು ಡಿಸೆಂಬರ್‌ಗೆ. ಆಮೇಲೊಂದು ವರ್ಷ. ಅಷ್ಟರಲ್ಲಿ ಕೂರುತ್ತಾಳೆ, ನಿಲ್ಲುತ್ತಾಳೆ, ನಡೆಯುತ್ತಾಳೆ, ಮಾತಾಡುತ್ತಾಳೆ. ಫೋನಿನೊಳಗಿನ ಗಂಡಸನ್ನು ಅಂಕಲ್ ಅನ್ನುತ್ತಾಳೆ.

ಮಲೇರಿಯಾ ಭಯ ಹೋಗಿಲ್ಲ. ಹಾಗೇ ಇದೆ, ಎದೆಯ ಮೇಲೆ ಕೂತಿದೆ. ಜ್ವರ ಬಂದ ದಿನವೇ ಟೆಸ್ಟ್. ಆಗಲಿ. ಪರದೆ ಕಟ್ಟುತ್ತೇನೆ. ಸ್ಲೈಡ್ ನೋಡಲು ಬರುತ್ತದೆ, ಬೇಕಾದರೆ ಮೈಕ್ರೋಸ್ಕೋಪನ್ನೇ ಕೊಳ್ಳುತ್ತೇನೆ. ಹೆದರುತ್ತಲೇ ಇರುತ್ತೇನೆ. ಆದರೆ ನಡುರಾತ್ರಿ ಜ್ವರ ಬಂದರೆ ಒಬ್ಬರು ಕಾರು ತೆಗೆಯಬೇಕು, ಒಬ್ಬರು ಮಗು ಎತ್ತಿಕೊಳ್ಳಬೇಕು. ಇಬ್ಬರು ಬೇಕು.

3.50

ಮೂರಕ್ಕೆ ಟೀ ಬ್ರೇಕ್ ಕೊಡುತ್ತಾರೆ ಅಂದಿದ್ದ ಒಂದು ಸಲ. ಲಾಕರ್ ತೆಗೆಯಲಿಲ್ಲವೋ. ತೆಗೆದು, ಆಮೇಲೆ ನೋಡೋಣ ಅಂತ ಫೋನ್ ಆನ್ ಮಾಡದೇ ಇಟ್ಟನೋ. ಇನ್ನೂ ಒಂದೇ ಟಿಕ್.

ಗುರು, ಇದನ್ನು ನೀನು ಓದುವುದಿಲ್ಲ. ಈ ಪುಸ್ತಕ ಇದೆ ಅಂತಲೂ ನಿನಗೆ ಗೊತ್ತಿಲ್ಲ. ಇನ್ನೆಲ್ಲಿ ಬರೆಯಲಿ. ನಾನು ಓದಿರಲಿಲ್ಲ ಕಣೋ. ಐದನೇ ಪುಟಕ್ಕೇ ನಿಲ್ಲಿಸಿದ್ದೆ. ನಿನ್ನನ್ನು ಬಿಟ್ಟಿರಲು ನನಗೆ ಓಕೆ ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳಿದ್ದು ಬೇರೆಯದಕ್ಕೆ. ಆ ಫಾರ್ಮ್ ಬ್ಯಾಗಿನಿಂದ ತೆಗೆಯಬೇಡ. ಮ್ಯಾನೇಜರ್ ಕೇಳಿದರೆ ಪೆನ್ ಇಲ್ಲ ಅನ್ನು, ಏನಾದರೂ ಹೇಳು, ಮೊದಲು ಲಾಕರ್ ತೆಗಿ. ಫೋನ್ ಮಾಡು. ಬೆಳಗಾಗುವ ಮೊದಲು ಮಾಡು. ಮಗು ಎದೆಯಲ್ಲಿದ್ದರೂ ಎತ್ತುತ್ತೇನೆ, ಮೊದಲ ರಿಂಗಿಗೇ ಎತ್ತುತ್ತೇನೆ. ಒಂದೇ ಒಂದು ಸಲ, ಸೈನ್ ಹಾಕುವ ಮೊದಲು, ಗುರು, ದಯವಿಟ್ಟು ಒಂದು—