ಕಿತ್ತಳೆ ಹೊಟ್ಟೆಯ ಸುಳ್ಳು ಮೀನು

ಫೆಬ್ರವರಿ 11, ಮಂಗಳವಾರ

ಅಂಗಡಿ ತೆರೆದೆ. ಕಾಫಿಗೆ ಇಟ್ಟೆ. ದಕ್ಕೆಯ ತುದಿಗೆ ಹೋಗಿ ಥರ್ಮಾಮೀಟರ್ ಎತ್ತಿ ನೋಡಿದೆ. ಹಿನ್ನೀರು ನಲವತ್ತಾರು ಡಿಗ್ರಿ ಫ್ಯಾರನ್‌ಹೀಟ್. ಬೆರಳದ್ದಿದರೆ ಸೆಟೆದುಕೊಳ್ಳುವಷ್ಟು ತಣ್ಣಗೆ. ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ.

ಬಾಸ್ ಮೀನುಗಳಿಗೆ ಇನ್ನೂ ನಿದ್ದೆ. ನಮ್ಮೂರ ಗಂಡಸರಿಗಿಲ್ಲ. ಬೆಳಕು ಹರಿಯುತ್ತಲೇ ಬಂದು ಗೋಡೆಯ ಮುಂದೆ ನಿಂತರು. ಗೋಡೆಯ ತುಂಬ ಗಾಳಕ್ಕೆ ಕಟ್ಟುವ ಸುಳ್ಳು ಮೀನುಗಳು — ಮರದವು, ಪ್ಲಾಸ್ಟಿಕ್ಕಿನವು, ಗರಿ ಕಟ್ಟಿದವು, ತಗಡು ಗಿರಕಿ ಹೊಡೆಯುವವು. ಲೂರ್ ಅಂತ ಹೆಸರು. ಅವುಗಳ ಮುಂದೆ ನಿಂತು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುವುದು ಇವರ ಬೆಳಗಿನ ಪ್ರಾರ್ಥನೆ.

“ಶನಿವಾರ ಯಾವುದಕ್ಕೆ ಕಚ್ಚಿತಪ್ಪ ಅಷ್ಟು ದೊಡ್ಡದು?”

“ಯಾವುದೋ ಹಸಿರುದು ಮಾರಾಯ. ಹೆಸರೇ ಮರ್ತೋಯ್ತು.”

ಹೆಸರು ಮರೆತಿಲ್ಲ. ಹಸಿರೂ ಅಲ್ಲ. ಬಿಲ್ ಹಾಕಿದವಳು ನಾನು. ಯಾರು ಏನು ಕೊಂಡರೆಂದು ಈ ದಂಡೆಯಲ್ಲಿ ನನಗೊಬ್ಬಳಿಗೇ ಗೊತ್ತು. ಬಾಯಿ ಬಿಡುವುದಿಲ್ಲ. ಈ ಒಂದು ವಿಷಯದಲ್ಲಿ ಪಾದ್ರಿಯೂ ಸುಳ್ಳು ಹೇಳುತ್ತಾನೆ, ಅಣ್ಣ ತಮ್ಮನಿಗೆ ಹೇಳುತ್ತಾನೆ. ದಡ ಹತ್ತಿರ ಬರುತ್ತಲೇ ದಾರದಿಂದ ಲೂರ್ ಕತ್ತರಿಸಿ ಜೇಬಿಗೆ ಇಳಿಸುತ್ತಾರೆ. ನಿಜ ಹೇಳುವುದು ಒಂದೇ ದೋಣಿಯಲ್ಲಿ ಕೂತವರಿಗೆ ಮಾತ್ರ. ಆ ಒಂದು ನಿಯಮ ಮುರಿದವನ ಜೊತೆ ಮತ್ತೆ ಯಾರೂ ದೋಣಿ ಹತ್ತುವುದಿಲ್ಲ.

ಅಪ್ಪ ತನ್ನ ದೋಣಿಯಲ್ಲಿ ನನಗೆ ನಿಜ ಹೇಳುತ್ತಿದ್ದ. ಅಪ್ಪ ಹೋದ, ದೋಣಿ ಮಾರಿದೆವು. ಅಲ್ಲಿಂದ ಈಚೆಗೆ ನೀರಿಗಿಳಿದಿಲ್ಲ. ನೀರಿನ ಪಕ್ಕದಲ್ಲೇ ಮಲಗಿ ಏಳುತ್ತೇನೆ — ಅಂಗಡಿಯ ಹಿಂದಿನ ಕೋಣೆಯೇ ಮನೆ — ಆದರೂ ಇಲ್ಲ.

ಮಧ್ಯಾಹ್ನ ರಾಯ್ಸ್ ಬಂದ. ಸ್ಕೂಲ್ ಬಸ್ಸುಗಳ ಮೆಕ್ಯಾನಿಕ್. ಬೆರಳ ಸಂದಿಯಲ್ಲಿ ಸದಾ ಗ್ರೀಸು. ಹೈಸ್ಕೂಲಿನಲ್ಲಿ ನನಗಿಂತ ಒಂದು ಕ್ಲಾಸು ಮುಂದಿದ್ದ. ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ಮಾತೇ ಬಿಟ್ಟವನು. ನಾನು ಮದುವೆಯಾಗಿ, ಗಂಡ ಬಿಟ್ಟುಹೋಗಿ, ತಿರುಗಿ ಇಲ್ಲಿಗೇ.

ಬಹಳ ಹೊತ್ತು ಗೋಡೆ ನೋಡಿದ. ಕೊನೆಗೆ ಒಂದು ಕೆಂಪು ಮರದ ಲೂರ್ ತಂದಿಟ್ಟ. ಸಿಗಡಿಯ ಹಾಗೆ ತಳಕ್ಕಿಳಿದು ಕಲ್ಲಿಗೆ ಮೂತಿ ಗುದ್ದಿಕೊಂಡು ಓಡುವಂಥದ್ದು.

“ಇದು ನಡೆಯುತ್ತಾ ವರ್ಲೀನ್, ಈ ತಿಂಗಳು?”

“ಬೆನ್ನು ಸರಿ. ಹೊಟ್ಟೆ ತಪ್ಪು. ಕೆಸರಿಂದ ಏಳೋ ಸಿಗಡೀನ ಮಗುಚಿ ನೋಡಿದ್ದೀಯಾ? ಇಷ್ಟು ಬೆಳ್ಳಗಿರುತ್ತಾ ಅದು?”

ಕೌಂಟರಿನ ಕೆಳಗಿದ್ದ ನೇಲ್ ಪಾಲಿಶ್ ತೆಗೆದೆ. ಕಿತ್ತಳೆ ಬಣ್ಣ. ಅಕ್ಕನ ಮಗಳ ಮದುವೆಗೆಂದು ಕೊಂಡಿದ್ದು. ಹಚ್ಚಿಕೊಂಡು ಹೋದರೆ ಅಕ್ಕ, “ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ ಇದು?” ಎಂದು ನಕ್ಕಳು. ಆಮೇಲೆ ಮುಚ್ಚಳ ತೆಗೆದಿರಲಿಲ್ಲ. ಲೂರಿನ ಹೊಟ್ಟೆಗೆ ಎರಡು ಸಲ ಬಳಿದೆ. ಊದಿ ಒಣಗಿಸಿದೆ. ಅವನು ಲೂರ್ ನೋಡುತ್ತಿರಲಿಲ್ಲ. ಊದುತ್ತಿದ್ದ ನನ್ನನ್ನು ನೋಡುತ್ತಿದ್ದ. ಅಥವಾ ನನಗೆ ಹಾಗನ್ನಿಸಿತು.

“ಕೊಳ್ಳೋಕೆ ಬಂದೋರಿಗೆಲ್ಲ ಬಣ್ಣಾನೂ ಹಚ್ಚಿ ಕೊಡ್ತೀಯಾ?”

“ಎಲ್ಲರಿಗೂ ಇಲ್ಲ.”

ಹೇಳಬಾರದಿತ್ತು. ಕಿವಿ ಬಿಸಿಯಾಯಿತು. ಲೂರ್ ಜೇಬಿಗಿಳಿಸಿ, ಹ್ಯಾಟು ಮುಟ್ಟಿ ಹೋದ.

ಫೆಬ್ರವರಿ 15, ಶನಿವಾರ ಸಂಜೆ

ಇವತ್ತಿನ ಮೀನು ಹಿಡಿಯುವ ಪಂದ್ಯ ರಾಯ್ಸ್ ಗೆದ್ದ! ಅವನೂ ಅವನ ಪಾರ್ಟ್ನರ್ ಡ್ಯೂಯಿಯೂ — ಚಿಕ್ಕಪ್ಪನ ಮಗ. ತಕ್ಕಡಿಗೆ ಚೀಲ ಸುರಿದಾಗ ದಕ್ಕೆಯ ಮೇಲೆ ಎಲ್ಲರೂ ಹೋ ಎಂದರು. ಒಂದೊಂದು ಮೀನಿನ ಬಾಯಿಯೂ ಅಕ್ಕಿ ಅಳೆಯುವ ಪಾವಿನಷ್ಟು. ನಾನು ಕಿಟಕಿಯಿಂದ ನೋಡಿದೆ. ಒಂದೊಂದೇ ಎಣಿಸಿದೆ, ನಾನೇ ಹಿಡಿದ ಹಾಗೆ.

ಆಮೇಲೆ ಎಲ್ಲರೂ ಒಳಗೆ ನುಗ್ಗಿದರು.

“ಏನ್ ಕಟ್ಟಿದ್ದೆ ರಾಯ್ಸ್? ಹೇಳೋ, ಪುಣ್ಯ ಬರುತ್ತೆ.”

“ಬಿಳಿ ಸ್ಪಿನ್ನರ್,” ಎಂದ. ಅಷ್ಟಕ್ಕೇ ಬಿಡದೆ ಗೋಡೆಯಿಂದ ಒಂದು ಹಿಡಿ ಬಿಳಿ ಸ್ಪಿನ್ನರ್ — ಗಿರಕಿ ಹೊಡೆಯುವ ತಗಡಿನವು — ಕಿತ್ತು ತಂದು ನನ್ನ ಮುಂದೆ ಹಾಕಿದ. ಸುಳ್ಳಿಗೆ ಸಾಕ್ಷಿ. ನಗು ತಡೆದುಕೊಂಡು ಬಿಲ್ ಹಾಕಿದೆ. ಉಳಿದವರೂ ಓಡಿಹೋಗಿ ಬಿಳಿಯದನ್ನೇ ಬಾಚಿಕೊಂಡರು.

ಜನ ಕರಗಿದ ಮೇಲೆ ಕೇಳಿದೆ, “ನನಗೂ ಬಿಳೀದೇನಾ?”

ಬೂಟು ನೋಡಿಕೊಂಡ. “ಬಿಳೀದೇ ವರ್ಲೀನ್.”

ಸರಿ. ನಾನು ಅವನ ದೋಣಿಯವಳಲ್ಲ. ನಿಯಮ ನಿಯಮವೇ. ಆದರೂ ಊಟ ಸೇರಲಿಲ್ಲ. ಕಿತ್ತಳೆಯದಕ್ಕೆ ಕಚ್ಚಿತೋ ಇಲ್ಲವೋ — ಅಷ್ಟು ಗೊತ್ತಾದರೆ ಸಾಕಿತ್ತು.

ಫೆಬ್ರವರಿ 27, ಗುರುವಾರ

ನೀರು ಐವತ್ತಕ್ಕೆ ಬಂತು. ಬೇಯಿಸಿದ ಕಡಲೆಕಾಯಿಯ ಹಂಡೆ ಹೊರಗಿಟ್ಟೆ. ಅಂಗಡಿಯ ಯಜಮಾನ ಹೋಯ್ಟ್ ಇಡೀ ದಿನ ಅದರ ಪಕ್ಕ ಕೂತು ಅರ್ಧ ಖಾಲಿ ಮಾಡಿದ. ಎಂಬತ್ತು ದಾಟಿದೆ, ಹಲ್ಲು ಮಾತ್ರ ಗಟ್ಟಿ.

ರಾಯ್ಸ್ ಬಂದ. ಡ್ಯೂಯಿಯ ಮಂಡಿ ಹೋಗಿದೆಯಂತೆ. ಆಪರೇಷನ್. ಈ ವಸಂತ ಪೂರ್ತಿ ದೋಣಿ ಹತ್ತುವ ಹಾಗಿಲ್ಲ. ಮಾರ್ಚ್ ಇಪ್ಪತ್ತೆರಡರಂದು ದೊಡ್ಡ ಟೂರ್ನಮೆಂಟ್, ಒಬ್ಬನೇ ಇಳಿಯುವಂತಿಲ್ಲ.

ಕೌಂಟರಿನ ಮೇಲೆ ಬೆರಳಿಂದ ಗೆರೆ ಎಳೆಯುತ್ತ ನಿಂತ. “ಯಾರಾದ್ರೂ ಇದ್ದಾರಾ ವರ್ಲೀನ್? ನಿನಗೆ ತಿಳಿದ ಹಾಗೆ… ಲೂರ್ ಆರಿಸೋದು ಗೊತ್ತಿರೋರು?”

ನಾನು, ಎನ್ನಬೇಕಿತ್ತು. ನಾನಿದ್ದೇನಲ್ಲ. ಆ ಒಂದು ಮಾತು ಬಾಯೊಳಗೆ ಕೂತಿತ್ತು, ಉಗಿದರೆ ಆಗುತ್ತಿತ್ತು.

“ಗೇಲನ್‌ನ ಕೇಳಿ ನೋಡು,” ಎಂದೆ.

ಗೇಲನ್! ಪಂಪ್ ರಿಪೇರಿ ಗೇಲನ್! ದೋಣಿಯಲ್ಲಿ ಬಾಯಿ ಮುಚ್ಚುವುದಿಲ್ಲ, ದಾರ ಗೋಜಲು ಮಾಡುತ್ತಾನೆ, ಎಲ್ಲ ಕಾಲಕ್ಕೂ ಆ ನೇರಳೆ ಪ್ಲಾಸ್ಟಿಕ್ ಹುಳುವನ್ನೇ ಕಟ್ಟುತ್ತಾನೆ. ಎಲ್ಲಿಂದ ಬಂತು ಆ ಹೆಸರು ನನ್ನ ನಾಲಿಗೆಗೆ?

“ಗೇಲನ್,” ಎಂದ ರಾಯ್ಸ್. ಎಳೆದ ಗೆರೆಯನ್ನು ಅಂಗೈಯಲ್ಲಿ ಒರೆಸಿದ. “ಆಯ್ತು. ನೀನು ಹೇಳಿದ್ರೆ ಸರಿ.”

ಟೂರ್ನಮೆಂಟಿಗೆ ಇಬ್ಬರ ಹೆಸರೂ ಕೊಟ್ಟಾಯಿತಂತೆ ಈಗ, ಸಂಜೆಯೇ. ಬದಲಾಯಿಸುವ ಹಾಗಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಾರ್ಚ್ 8, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯುವುದು? ಅವನ ದೋಣಿ ಕಿಟಕಿಯ ಮುಂದೆ ಹಾದುಹೋಗುತ್ತದೆ, ಹಿಂದಿನ ಸೀಟಿನಲ್ಲಿ ಗೇಲನ್‌ನ ಕೆಂಪು ಟೋಪಿ. ಅದೇ ದಿನಚರಿ.

ಇವತ್ತು ರಾಯ್ಸ್ ತಲೆಯಿಂದ ಕಾಲಿನವರೆಗೆ ಒದ್ದೆಯಾಗಿ ಒಳಗೆ ಬಂದ. ತುಟಿ ನೀಲಿ. ಒಣ ಕಾಲುಚೀಲ ಬೇಕು ಎಂದ. ಕಡಲೆಕಾಯಿ ಹಂಡೆಯ ಸುತ್ತ ಇದ್ದವರಿಗೆ ಹಬ್ಬ.

“ಏನಯ್ಯಾ, ಗಾಳ ಸಾಲದು ಅಂತ ಕೈಯಲ್ಲೇ ಹಿಡಿಯೋಕೆ ಹೋಗಿದ್ಯಾ?”

“ದಡದಲ್ಲಿ ಜಾರ್ದೆ.”

“ಜಾರಿದ್ರೆ ಮಂಡಿ ನೆನೀಬೇಕು, ಕೂದಲು ಹೇಗೆ ನೆನೀತು?”

ರಾಯ್ಸ್ ಒಂದು ಮುಷ್ಟಿ ಬಿಗಿ ಹಿಡಿದೇ ಇದ್ದ, ಕಾಫಿ ಕೊಟ್ಟಾಗಲೂ ಬಿಚ್ಚಲಿಲ್ಲ. ನನ್ನ ಟವೆಲ್ ಕೊಟ್ಟೆ. ತಲೆ ಒರೆಸಿಕೊಂಡು, ಮಡಿಸಿ, ಕೌಂಟರಿನ ಮೇಲೆ ಇಟ್ಟು ಹೋದ. ಟವೆಲ್ ಒಗೆಯಲು ಹಾಕಿಲ್ಲ. ಹಾಕಬೇಕು.

ಮಾರ್ಚ್ 13, ಗುರುವಾರ ಮಧ್ಯಾಹ್ನ

ಈಗಷ್ಟೇ ಗೇಲನ್ ಹೋದ. ಹೋಯ್ಟ್ ಒಳಗೆ ಗೊರಕೆ. ಅಂಗಡಿ ಖಾಲಿ. ಮರೆಯುವ ಮುನ್ನ ಬರೆಯಬೇಕು. ಮರೆಯುತ್ತೇನೆಯೇ!

ಗೇಲನ್ ಕೆಂಡವಾಗಿದ್ದ. “ಮಿಸ್ ವರ್ಲೀನ್, ನೀವು ನನ್ನ ಹೆಸರು ಹೇಳಿದ್ರಿ, ಅದಕ್ಕೇ ನಿಮಗೇ ಹೇಳ್ತೀನಿ. ಆ ಮನುಷ್ಯ ಸರಿಯಿಲ್ಲ.”

“ಯಾಕೆ, ಏನಾಯ್ತು?”

“ಅವನ ಹತ್ರ ಒಂದು ಕೆಂಪು ಲೂರ್ ಇದೆ. ಹೊಟ್ಟೆ ಕಿತ್ತಳೆ. ಫೆಬ್ರವರೀಲಿ ಗೆದ್ದನಲ್ಲ, ಅದರಲ್ಲೇ. ಡ್ಯೂಯಿ ಬಾಯಿ ಬಿಟ್ಟ. ನಾನು ಕೇಳ್ದೆ, ಈ ಬಣ್ಣ ಎಲ್ಲಿ ಸಿಗುತ್ತೆ ಅಂತ. ಕಂಪನಿಯಿಂದ್ಲೇ ಹಂಗೇ ಬಂತು ಅಂದ. ಕಂಪನಿಯಿಂದ! ಬ್ರಶ್ ಗೆರೆ ಕಾಣ್ತಿದೆ! ಒಂದೇ ದೋಣೀಲಿ ಕೂತು ನನಗೆ ಸುಳ್ಳು ಹೇಳ್ದ, ಮಿಸ್ ವರ್ಲೀನ್. ಒಂದೇ ದೋಣೀಲಿ!”

ಕೌಂಟರಿನ ಕೆಳಗಿದ್ದ ನೇಲ್ ಪಾಲಿಶನ್ನು ಕಾಲಿಂದ ಇನ್ನೂ ಒಳಕ್ಕೆ ತಳ್ಳಿದೆ.

“ಅಷ್ಟೇ ಅಲ್ಲ. ಕಳೆದ ಶನಿವಾರ ಅದು ನೀರೊಳಗಿನ ಬೊಡ್ಡೆಗೆ ಸಿಕ್ಕಿಕೊಳ್ತು. ದಾರ ಕತ್ತರ್ಸು, ಅಂಗಡೀಲಿ ಅಂಥದ್ದು ಗೋಡೆ ತುಂಬ ಇದೆ ಅಂದೆ. ‘ಅಂಥದ್ದು ಇಲ್ಲ’ ಅಂದ. ಜಾಕೆಟ್ ಬಿಚ್ದ. ಹಾರ್ದ! ಆ ನೀರಿಗೆ! ಒಂದು ಮರದ ತುಂಡಿಗೆ ಸಾಯ್ತಾರಾ ಯಾರಾದ್ರೂ?”

“ಇಲ್ಲಪ್ಪ,” ಎಂದೆ. “ಯಾರೂ ಸಾಯಲ್ಲ.”

ನೇರಳೆ ಹುಳು ಕೊಂಡು ಗೊಣಗುತ್ತ ಹೋದ. ಹಿಂದಿನ ಕೋಣೆಗೆ ಬಂದು ಅತ್ತೆ. ಸುಖಕ್ಕೋ ಏನೋ. ಮುಷ್ಟಿಯೊಳಗೆ ಇದ್ದದ್ದು ಅದು. ನನ್ನ ಮುಂದೆಯೇ ನಿಂತು ಕಾಫಿ ಕುಡಿದ, ನನ್ನ ಬಣ್ಣ ಅವನ ಅಂಗೈಯಲ್ಲಿತ್ತು.

ಮಾರ್ಚ್ 18, ಮಂಗಳವಾರ

ಐದು ದಿನ ಬಾಗಿಲು ನೋಡಿದ್ದೇ ನೋಡಿದ್ದು. ಇವತ್ತು ರಾಯ್ಸ್ ಬಂದ. ಹೋಯ್ಟ್ ಡಾಕ್ಟರ ಹತ್ತಿರ ಹೋಗಿದ್ದ. ಅದನ್ನು ಹೊರಗೆ ನಿಂತೇ ಖಾತ್ರಿ ಮಾಡಿಕೊಂಡು ಒಳಗೆ ಬಂದ.

“ಗೆದ್ದ ದಿನ ಏನು ಕಟ್ಟಿದ್ದೆ?” ಎಂದೆ. ಪೀಠಿಕೆ ಇಲ್ಲ, ಏನಿಲ್ಲ.

“ಕಿತ್ತಳೆ ಹೊಟ್ಟೇದು.”

“ಬಿಳೀದು ಅಂದೆ.”

“ಹೋಯ್ಟ್ ಕಪಾಟಿನ ಹಿಂದೆ ಇದ್ದ. ಕಿವಿಗೆ ಬಿದ್ದಿದ್ರೆ ಸಂಜೆಯೊಳಗೆ ಬೋರ್ಡ್ ಹಾಕ್ತಿದ್ದ. ನಿನ್ನ ಕೂರಿಸಿ ಎಲ್ಲರ ಲೂರಿಗೂ ಬಣ್ಣ ಹಚ್ಚಿಸ್ತಿದ್ದ.” ತಲೆ ತಗ್ಗಿಸಿದ. “ಎಲ್ಲರಿಗೂ ಇಲ್ಲ ಅಂದಿದ್ದೆ ನೀನು.”

ಕಾಫಿ ಬಗ್ಗಿಸಿ ಅವನ ಮುಂದೆ ಸರಿಸಿದೆ.

“ವರ್ಲೀನ್, ಅವತ್ತು ನಾನು ಕೇಳಿದಾಗ ಗೇಲನ್ ಹೆಸರು ಯಾಕೆ ಹೇಳಿದೆ?”

“ಅವನ ಹತ್ರ ಟ್ರಕ್ ಇದೆಯಲ್ಲ… ದೋಣಿ ಎಳೆಯೋಕೆ ಅನುಕೂಲ ಅಂತ.”

ಮತ್ತೆ! ಅವನು ನಿಜ ತಂದು ಕೌಂಟರಿನ ಮೇಲಿಟ್ಟ, ನಾನು ತಿರುಗಿ ಕೊಟ್ಟದ್ದು ಟ್ರಕ್ಕು. ಅವನ ಹತ್ತಿರವೂ ಟ್ರಕ್ ಇದೆ, ಹೊರಗೇ ನಿಂತಿತ್ತು.

ತಲೆಯಾಡಿಸಿದ. ಬಾಗಿಲವರೆಗೆ ಹೋದ. ಹಿಂತಿರುಗಿ ನೋಡದೆ ಹೇಳಿದ, “ಸೋಮವಾರ ಅಂಗಡಿ ರಜ ಅಲ್ವಾ? ಇಪ್ಪತ್ತನಾಲ್ಕಕ್ಕೆ ನಾನೂ ರಜ ಹಾಕ್ತೀನಿ. ಟೂರ್ನಮೆಂಟ್ ಇಲ್ಲ, ಗೆಲ್ಲೋದೇನೂ ಇಲ್ಲ. ದಕ್ಕೆಗೆ ದೋಣಿ ತರ್ತೀನಿ, ಬೆಳಕಾಗೋ ಹೊತ್ತಿಗೆ. ಲೂರ್ ನೀನೇ ಆರಿಸು.”

ಹೂಂ ಎಂದೆ. ಕೇಳಿಸಿತೋ ಇಲ್ಲವೋ.

ಮಾರ್ಚ್ 22, ಶನಿವಾರ

ದೊಡ್ಡ ಟೂರ್ನಮೆಂಟ್. ರಾಯ್ಸ್, ಗೇಲನ್ ಬರಿಗೈ. ಏನು ಕಟ್ಟಿದ್ದೆ ಎಂದು ಎಲ್ಲರೂ ರಾಯ್ಸ್‌ನನ್ನು ಕೆಣಕಿದರು. “ಬಿಳಿ ಸ್ಪಿನ್ನರ್,” ಎಂದ. ಯಾರೂ ನಂಬಲಿಲ್ಲ. ಈ ಸಲ ನಿಜ. ಕಿತ್ತಳೆಯದನ್ನು ಡಬ್ಬಿಯಿಂದ ತೆಗೆಯಲೇ ಇಲ್ಲವಂತೆ — ಗೇಲನ್ ಬಂದು ಅತ್ತುಕೊಂಡ.

ಮಾರ್ಚ್ 24, ಸೋಮವಾರ, ಬೆಳಗಿನ ಐದೂವರೆ

ನಾಲ್ಕಕ್ಕೇ ಎಚ್ಚರ. ಬನ್ನಿನಂಥ ಮೆತ್ತನೆ ಬಿಸ್ಕಿಟ್ ಬೇಯಿಸಿ ಬಟ್ಟೆಯಲ್ಲಿ ಸುತ್ತಿಟ್ಟೆ. ಅಪ್ಪನ ಜಾಕೆಟ್ ತೆಗೆದೆ, ತೋಳು ಮಡಚಿಕೊಂಡೆ. ಇನ್ನೂ ಪೆಟ್ರೋಲಿನ ವಾಸನೆ.

ಟೇಬಲ್ಲಿನ ಮೇಲೆ ಲೂರುಗಳನ್ನು ಹರಡಿಕೊಂಡು ಕೂತಿದ್ದೇನೆ. ನಿನ್ನೆ ಮಳೆ ಬಂದು ನೀರು ಬಗ್ಗಡ. ನೀರು ಐವತ್ತೆಂಟು, ಅಂದರೆ ಮೀನು ಮೊಟ್ಟೆ ಇಡಲು ಮೇಲಕ್ಕೆ ಬರುತ್ತಿದೆ. ಆಳಕ್ಕೆ ಓಡುವವು ಬೇಡ. ಸದ್ದು ಮಾಡುವುದು ಬೇಕು, ಕಣ್ಣಿಗೆ ಹೊಡೆಯುವ ಬಣ್ಣ ಬೇಕು. ಗಿಲಕಿ ಇರುವ ಗಿಡ್ಡ ಕೆಂಪು — ಇರಲಿ. ಕಪ್ಪು-ನೀಲಿ ಕುಚ್ಚಿನದು, ಬೊಡ್ಡೆಗಳ ಪಕ್ಕ ಇಳಿಬಿಡಲು — ಇರಲಿ. ಬೆಳ್ಳಿಯದು ಬೇಡ, ಬಿಸಿಲಿಲ್ಲ. ನೇರಳೆ ಹುಳು — ಸತ್ತರೂ ಬೇಡ. ಒಂದು ಬಿಳಿ ಸ್ಪಿನ್ನರ್ ಇರಲಿ, ನಗಲಿಕ್ಕೆ.

ನೇಲ್ ಪಾಲಿಶ್ ಒಣಗಿ ತಳ ಕಂಡಿದೆ. ಒಂದು ಲೂರಿಗೆ ಸಾಕು, ಇಲ್ಲವೇ ನನ್ನ ಉಗುರಿಗೆ. ಬಹಳ ಯೋಚನೆ ಮಾಡಿದೆ, ಹುಚ್ಚಿ. ಗಿಡ್ಡ ಕೆಂಪಿನ ಹೊಟ್ಟೆಗೆ ಹಚ್ಚಿದೆ. ಕಡ್ಡಿಯಲ್ಲಿ ಉಳಿದದ್ದನ್ನು ಒಂದು ಹೆಬ್ಬೆರಳಿಗೆ. ಒಣಗಬೇಕು.

ಹೊರಗೆ ಮಂಜು. ದಕ್ಕೆಯ ತುದಿ ಕಾಣುತ್ತಿಲ್ಲ. ಬರದೇ ಇದ್ದರೆ? ನನ್ನ ಹೂಂ ಕೇಳಿಸದೇ ಇದ್ದರೆ?

ಸದ್ದು. ತೊರೆಯ ಬಾಯಿಯ ಕಡೆಯಿಂದ. ಈ ಹಿನ್ನೀರಿನ ಎಲ್ಲ ಮೋಟರುಗಳ ಸದ್ದೂ ನನಗೆ ಗೊತ್ತು. ಅವನದೇ. ನಿಧಾನ ಮಾಡಿದ.

ಹತ್ತಿದ ಕೂಡಲೇ ಕೇಳುತ್ತಾನೆ, ಏನು ಕಟ್ಟಲಿ ಎಂದು. ಅದಕ್ಕೆ ಉತ್ತರ ಇದೆ. ಆದರೆ ಅದಕ್ಕೂ ಮೊದಲು ಇನ್ನೊಂದು ಹೇಳಬೇಕು. ಟ್ರಕ್ಕಿಗಲ್ಲ ರಾಯ್ಸ್. ನಾನಿದ್ದೇನೆ ಅಂದರೆ ನೀನು ನಕ್ಕುಬಿಡುತ್ತೀಯೇನೋ ಅಂತ ಹೆದರಿ ಆ ಹೆಸರು ಹೇಳಿದೆ. ನನಗೆ ನಿನ್ನ ದೋಣಿಗೆ ಬರಬೇಕಿತ್ತು. ನಾನೇ ಬರಬೇಕಿತ್ತು, ಹೈಸ್ಕೂಲಿನಿಂದಲೂ ನನಗೆ —

ಮೋಟರು ನಿಂತಿತು. ದಕ್ಕೆಯ ಹಲಗೆ ಕಿರ್ ಎನ್ನುತ್ತಿದೆ, ಅವನ ಹೆಜ್ಜೆ —