ಹೋದ ಸಲದ ಗೆರೆ

ಕೆಳಗಿನ ಬೀದಿ,
ಮಂಗಳವಾರ

ಅಣ್ಣಾ,

ಅಮ್ಮನನ್ನು ಕೊಂದದ್ದು ನೀನು ಕಟ್ಟಿಸಿದ ಗೋಡೆ. 'ಪ್ರೀತಿಯ' ಎಂದು ಶುರು ಮಾಡಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ಇಷ್ಟು ದಿನ ಜನರ ಬಾಯಲ್ಲಿ ಅದು ನೆರೆ, ಹಣೆಬರಹ, ಕೆಟ್ಟ ಗಳಿಗೆ ಎಂದೆಲ್ಲ ಆಯಿತು. ಹೆಣ ಎತ್ತುವ ದಿನ ನೀನೂ ಕೆಸರಂಟದ ಬೂಟು ಹಾಕಿಕೊಂಡು ಬಂದು, "ಪ್ರಕೃತಿ ಮುಂದೆ ನಾವೆಷ್ಟರವರು" ಅಂದೆ. ಅವತ್ತು ನಾನು ನಿನ್ನ ಕೊರಳಪಟ್ಟಿ ಹಿಡಿಯಲಿಲ್ಲ. ಪಕ್ಕದ ಮನೆ ದೊಡ್ಡಮ್ಮ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು, ಅಷ್ಟೆ. ಈಗ ಯಾರೂ ಹಿಡಿದಿಲ್ಲ.

ನೀನು ನೆರೆ ನಿಯಂತ್ರಣ ಕಚೇರಿಯ ಎಂಜಿನಿಯರು. ನಾನು ಪ್ರೆಸ್ಸಿನಲ್ಲಿ ಹಾಳೆ ಮಡಚುವವಳು, ಅಚ್ಚು ಕೆಟ್ಟ ಪ್ರತಿಗಳನ್ನು ಊಟದ ಹೊತ್ತಿನಲ್ಲಿ ಓದುವವಳು. 'ಕರಪತ್ರ ಪಂಡಿತೆ' ಎಂದು ನೀನೇ ಬಿರುದು ಕೊಟ್ಟಿದ್ದೀಯ. ಇರಲಿ. ಆ ಪಂಡಿತೆಗೆ ಅರ್ಥವಾದದ್ದು ಇಷ್ಟು. ಆಚೆ ದಡದಲ್ಲಿ ಮೊದಲು ತಗ್ಗಿನ ಹುಲ್ಲುಗಾವಲಿತ್ತು. ನದಿ ಉಕ್ಕಿದಾಗ ಅಲ್ಲಿ ಹರಡಿ ಮಲಗಿ, ದಣಿವು ಆರಿದ ಮೇಲೆ ಎದ್ದು ಹೋಗುತ್ತಿತ್ತು. ನೀವು ಅಲ್ಲಿ ಗೋಡೆ ಎಬ್ಬಿಸಿದಿರಿ, ಗೋಡೆಯ ಹಿಂದೆ ಬಡಾವಣೆ ಮಾಡಿದಿರಿ, ನೀನೂ ಒಂದು ಮನೆ ಕೊಂಡೆ. ಮಲಗಲು ಜಾಗವಿಲ್ಲದ ನದಿ ನಮ್ಮ ಬೀದಿಗೆ ಬಂತು. ಮಳೆಯೂ ಮೊದಲಿನ ಮಳೆಯಲ್ಲ. ತಿಂಗಳಿಡೀ ಜಿನುಗುತ್ತಿದ್ದದ್ದು ಈಗ ಒಂದೇ ಮಧ್ಯಾಹ್ನ ಸುರಿದು ಕೈತೊಳೆದುಕೊಳ್ಳುತ್ತದೆ. ಬದಲಾದ ಆಕಾಶಕ್ಕೆ ಹಳೇ ಗೋಡೆ ಸಾಲದು ಎಂದು ನೀವೂ ಭಾಷಣ ಮಾಡುತ್ತೀರಿ. ಮಾಡಿ, ಅದೇ ಗೋಡೆಯನ್ನು ಇನ್ನಷ್ಟು ಎತ್ತರ ಕಟ್ಟುತ್ತೀರಿ!

ನಮ್ಮ ಬೀದಿಯ ಪದ್ಧತಿ ನಿನಗೆ ಮರೆತಿಲ್ಲ ತಾನೆ? ನೆರೆ ಇಳಿದ ಮೇಲೆ, ನೀರು ನಿಂತ ಮಟ್ಟಕ್ಕೆ ಮನೆಯೊಳಗೆ ಗೆರೆ ಎಳೆಯುವುದು. ಆ ಗೆರೆಗಿಂತ ಒಂದು ಮೊಳ ಮೇಲೆ ಅಟ್ಟ ಕಟ್ಟುವುದು. ನಮ್ಮ ಮನೆಯ ಅಟ್ಟ ಕಟ್ಟಿದ್ದು ನೀನೇ. ಗಾರೆಯವರಿಂದ ಇಸಿದು ತಂದ, ಒಳಗಿನ ನೀರು ಕಾಣುವ ಪೈಪಿಗೆ ನೀರು ತುಂಬಿ, ಒಂದು ತುದಿ ನನ್ನ ಕೈಗೆ ಕೊಟ್ಟು, ನಾಲ್ಕೂ ಗೋಡೆಗೆ ಮಟ್ಟ ನೋಡಿದೆ. "ಅಲ್ಲಾಡಬೇಡ ಕಣೇ ಕಟ್ಟಿರುವೆ. ಎರಡು ತುದೀಲೂ ನೀರು ಒಂದೇ ಎತ್ತರಕ್ಕೆ ನಿಲ್ಲತ್ತೆ. ಇದಕ್ಕೆ ದೊಡ್ಡೋರು ಚಿಕ್ಕೋರು ಅಂತ ಇಲ್ಲ" ಅಂದಿದ್ದೆ. ಒಂದು ಕಡೆ ನಿಲ್ಲದ ನನಗೆ ಆ ಇರುವೆಯ ಹೆಸರಿಟ್ಟವನೂ ನೀನೇ. ಅವತ್ತು ನನಗೆ ನಿನ್ನಂಥ ಬುದ್ಧಿವಂತ ಜಗತ್ತಿನಲ್ಲೇ ಇರಲಿಲ್ಲ.

ಕಚೇರಿಗೆ ಸೇರಿ, ಕಂಪ್ಯೂಟರು ಮುಂದಿಟ್ಟುಕೊಂಡು ಗೋಡೆಯ ಎತ್ತರ ಲೆಕ್ಕ ಹಾಕುವಾಗಲೂ ನೀನು ಮಾಡಿದ್ದು ಅದನ್ನೇ. ಹೋದ ಸಲದ ನೆರೆ, ಅದರ ಮೇಲೆ ಒಂದಿಷ್ಟು. ಇಷ್ಟೆಲ್ಲ ಓದಿ ಕೊನೆಗೆ ಅಟ್ಟದ ಲೆಕ್ಕ!

ಈ ಸಲ ನೆರೆ ಬಂದ ಮಧ್ಯಾಹ್ನ ಬೀದಿಯವರೆಲ್ಲ ಶಾಲೆಯ ಮಹಡಿಗೆ ಹೋಗುತ್ತಿದ್ದರು. ನಾನು ಪ್ರೆಸ್ಸಿನಿಂದ ಅಮ್ಮನಿಗೆ ಫೋನ್ ಮಾಡಿ, ನೀನೂ ಹೊರಡು ಅಂದೆ. ಅವಳ ದನಿಯಲ್ಲಿ ಒಂದು ಚೂರೂ ಹೆದರಿಕೆ ಇರಲಿಲ್ಲ. ಇವತ್ತಿಗೂ ನನ್ನನ್ನು ಸುಡುವುದು ಅದೇ. "ಅಣ್ಣ ಈಗಷ್ಟೇ ಮಾತಾಡ್ದ. ನೀರು ಹೋದ ಸಲದ ಗೆರೆ ದಾಟಲ್ಲ, ಅಟ್ಟ ಹತ್ತಿ ಕೂತ್ಕೊ, ಮಂಡಿ ನೋವಲ್ಲಿ ಶಾಲೆ ಮೆಟ್ಟಿಲು ಯಾಕೆ ಹತ್ತುತೀಯ ಅಂದ. ಅವನಿಗಿಂತ ಜಾಸ್ತಿ ಗೊತ್ತೇನೇ ನಿಂಗೆ? ನೀನು ಅಲ್ಲೇ ಇರು, ಒದ್ದೆಯಾಗ್ಬೇಡ" ಅಂದಳು.

ನೀರು ಅಟ್ಟ ದಾಟಿ ಹೆಂಚು ಮುಟ್ಟಿತು. ಮಾರನೆಯ ದಿನ ಹೆಂಚು ತೆಗೆದು ಇಳಿದವರು ಹೇಳಿದರು: ಅಟ್ಟದ ಮೇಲೆ ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಕಟ್ಟಿಟ್ಟುಕೊಂಡಿದ್ದಳಂತೆ. ಅಕ್ಕಿ ಡಬ್ಬ, ಮಾತ್ರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನನ್ನ ಕರಪತ್ರಗಳ ಕಟ್ಟು.

ಈಗ ಬರುವ ಸೋಮವಾರ ನಿಮ್ಮ ಸಭೆ. ಗೋಡೆಯನ್ನು ಇನ್ನೂ ಎತ್ತರಿಸುವ ವರದಿ ನಿನ್ನದೇ. ಅಂದರೆ ಮುಂದಿನ ಸಲ ನಮ್ಮ ಬೀದಿಯಲ್ಲಿ ಹೆಂಚೂ ಕಾಣುವುದಿಲ್ಲ. "ಒಡಹುಟ್ಟಿದವನು, ಹೊಟ್ಟೆಗೆ ಹಾಕ್ಕೋ" ಎಂದು ದೊಡ್ಡಮ್ಮ ದಿನಾ ಹೇಳುತ್ತಾಳೆ. ನನ್ನ ಹೊಟ್ಟೆಯಲ್ಲಿ ಜಾಗವಿಲ್ಲ. ನನಗೆ ನಿನ್ನ ನಿದ್ದೆ ಬೇಕು. ಅದನ್ನು ಕಿತ್ತುಕೊಳ್ಳುವ ದಾರಿ ನೀನೇ ಕಲಿಸಿದ್ದೆ.

ಮೊನ್ನೆ ಭಾನುವಾರ, ನೀನು ತರಬೇತಿಗೆಂದು ಬೇರೆ ಊರಿಗೆ ಹೋದ ಮೇಲೆ, ಹಾಡುಹಗಲೇ ನಿಮ್ಮ ಬಡಾವಣೆಗೆ ಬಂದೆ. ಜೊತೆಗೆ ಅದೇ ಪೈಪು, ಒಂದು ಸ್ಟೂಲು, ನೀಲಿ ಆಯಿಲ್ ಪೇಂಟು. ನಿನ್ನ ಗೋಡೆಯ ನೆತ್ತಿಯಿಂದ ಮಟ್ಟ ಹಿಡಿದು, ಮನೆಯಿಂದ ಮನೆಗೆ ದಾಟಿಸುತ್ತ ಗೆರೆ ಎಳೆದೆ. ಗೋಡೆ ಒಡೆದ ದಿನ ನೀರು ಬಂದು ನಿಲ್ಲುವ ಗೆರೆ ಅದು. ಹುಲ್ಲುಗಾವಲಿನ ತಗ್ಗಲ್ಲವೇ, ಎಲ್ಲ ಮನೆಗಳಲ್ಲೂ ಬಾಗಿಲಿಗಿಂತ ಮೇಲೇ ಬಂತು.

ಯಾರೂ ತಡೆಯಲಿಲ್ಲ. ತಲೆಗೆ ಟೋಪಿ, ಕೈಗೆ ಪೈಪು ಇದ್ದರೆ ಸಾಕು, ನಿಮ್ಮ ಜನ ಯಾರನ್ನಾದರೂ ಸರ್ಕಾರ ಅಂದುಕೊಳ್ಳುತ್ತಾರೆ. ಮೂಲೆ ಮನೆಯ ನಿವೃತ್ತ ಮೇಷ್ಟ್ರು, "ಏನಮ್ಮಾ, ಹೊಸ ನಲ್ಲಿ ಲೈನಾ?" ಎಂದು ಕೇಳಿದರು. "ನೀರು ಇಲ್ಲೀವರೆಗೂ ಬರತ್ತೆ ಸಾರ್" ಅಂದೆ. "ಅಷ್ಟು ಪ್ರೆಷರ್ರಾ! ಭೇಷ್! ನಮ್ಮನೆ ಗೇಟಿಗೂ ಒಂದು ಕೈ ಬಣ್ಣ ಹೊಡೆದು ಹೋಗು" ಅಂದರು. ಅವರ ಮೇಲೆ ನನಗೆ ಹಗೆಯಿಲ್ಲ. ಅವರೂ ಅಮ್ಮನ ಹಾಗೆ ನಿನ್ನ ಮಾತು ನಂಬಿ ಕೂತವರು. ಬಿಡಿಸಿ ಹೇಳಿದ ಮೇಲೆ ಕುರ್ಚಿ ತಂದು ಅಂಗಳದಲ್ಲೇ ಕೂತುಬಿಟ್ಟರು. ಮಗ ಎಷ್ಟು ಕರೆದರೂ ಒಳಗೆ ಹೋಗಲಿಲ್ಲ.

ನಿನ್ನ ಮನೆಯಲ್ಲಿ ಗೆರೆ ಹೊರಗಷ್ಟೇ ನಿಂತಿಲ್ಲ. ಪುಟ್ಟಿಯ ಕೋಣೆಯೊಳಗೂ ಇದೆ. ನಿನ್ನ ಮಗಳ ಮಂಚ, ಗೊಂಬೆಗಳ ಶೆಲ್ಫು, ಗೋಡೆಗೆ ಅಂಟಿಸಿದ ಆನೆಯ ಚಿತ್ರ, ಎಲ್ಲಕ್ಕಿಂತ ಮೇಲೆ. ಅದೇನೆಂದು ನಾನು ಅವಳಿಗೆ ಹೇಳಿಲ್ಲ. ಅವಳು ನಿನ್ನನ್ನೇ ಕೇಳುತ್ತಾಳೆ. ಆಗ 'ಪ್ರಕೃತಿ' ಅನ್ನು, ನೋಡೋಣ.

ಸುಣ್ಣ ಬಳಿಯುತ್ತೀಯಾ? ಬಳಿ. ಮತ್ತೆ ಬಂದು ಎಳೆಯುತ್ತೇನೆ. ನಾನು ನಿಲ್ಲಬೇಕಾದರೆ ಸೋಮವಾರದ ಸಭೆಯಲ್ಲಿ ನೀನು ಎದ್ದು ನಿಲ್ಲಬೇಕು. ಗೋಡೆ ಎತ್ತರಿಸುವುದು ಬೇಡ, ನದಿಯ ಕಡೆಯ ಮುಂದಿನ ಸಾಲಿನ ಮನೆಗಳನ್ನು ತೆರವು ಮಾಡಿಸಿ ಗೋಡೆಯನ್ನು ಹಿಂದಕ್ಕೆ ಸರಿಸೋಣ, ನದಿಯ ಜಾಗ ನದಿಗೆ ಬಿಡೋಣ, ಎರಡೂ ದಡಕ್ಕೆ ಒಂದೇ ಹೊತ್ತಿಗೆ ಎಚ್ಚರಿಕೆ ಕೊಡೋಣ, ನನ್ನ ಲೆಕ್ಕ ತಪ್ಪಿತ್ತು ಎಂದು ಹೇಳಬೇಕು. ಕೊನೆಯ ಮಾತನ್ನು ಗಟ್ಟಿಯಾಗಿ ಹೇಳಬೇಕು. ಆ ಮುಂದಿನ ಸಾಲಿನಲ್ಲೇ ನಿನ್ನ ಮನೆಯಿದೆ, ನನಗೆ ಗೊತ್ತು. ಗೊತ್ತಿದ್ದೇ ಬರೆದೆ.

ಹೇಳದಿದ್ದರೆ, ಅಮ್ಮ ಫೋನಿನಲ್ಲಿ ಆಡಿದ ಮಾತುಗಳನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿಸಿ, ಸಭೆಗೆ ಬರುವವರ ಕೈಗೆಲ್ಲ ಕೊಡುತ್ತೇನೆ. ಅಕ್ಷರ ಜೋಡಿಸಿ ಆಗಿದೆ. ಕಾಗದದ ಖರ್ಚು ತಮ್ಮದು ಎಂದು ಪ್ರೆಸ್ಸಿನ ಯಜಮಾನರು ಹೇಳಿದ್ದಾರೆ.

ನಿನ್ನ ತಂಗಿ,
ಕಟ್ಟಿರುವೆ

ಇನ್ನೊಂದು ಮಾತು: ಪೈಪಿಗೆ ಎರಡು ತುದಿ, ಇದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ನಿನಗೆ ಇಷ್ಟರಲ್ಲಿ ಹೊಳೆದಿರಬೇಕು. ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಇನ್ನೊಂದು ತುದಿ ಹಿಡಿದವಳು ಅತ್ತಿಗೆ. ನಿಮ್ಮನೆಗೆ ಹೊರಗೋಡೆ ಸಾಕು ಅಂದದ್ದು ನಾನು, ಪುಟ್ಟಿಯ ಕೋಣೆಗೆ ಕರೆದುಕೊಂಡು ಹೋದದ್ದು ಅವಳು. ಅಲ್ಲಿ ಕುಂಚವನ್ನೂ ನನ್ನ ಕೈಯಿಂದ ಕಿತ್ತುಕೊಂಡಳು. "ಅವತ್ತು ಇವ್ರು ಅತ್ತೆಗೆ ಫೋನ್ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ ಕಣೇ. ಕಾರು ಕಳ್ಸೋಣ ಅಂದೆ. ನಿಂಗೇನು ಗೊತ್ತು, ಸುಮ್ನಿರು ಅಂದ್ರು" ಅಂದಳು. ಅವಳೂ ಪುಟ್ಟಿಯೂ ಈಗ ಗುಡ್ಡದ ಮೇಲೆ, ಅವಳ ಅಕ್ಕನ ಮನೆಯಲ್ಲಿದ್ದಾರೆ. ನೀನು ಹಿಂದಿರುಗಿದಾಗ ಬಾಗಿಲಿಗೆ ಬೀಗ ಇರುತ್ತದೆ.

ಅಮ್ಮನ ಮನೆಯಲ್ಲಿ ಈ ಸಲದ ಗೆರೆ ಇನ್ನೂ ಎಳೆದಿಲ್ಲ. ಹೆಂಚಿನ ಕೆಳಗೆ ಕೆಸರಿನ ಗುರುತಷ್ಟೇ ಇದೆ. ಅದನ್ನು ಎಳೆಯಬೇಕಾದವನು ನೀನು. ಅತ್ತಿಗೆ ಪುಟ್ಟಿಯನ್ನು ಕರೆದುಕೊಂಡು ನೋಡಲು ಬರುತ್ತಾಳೆ. ಏಣಿ ನಾನು ಹಿಡಿದಿರುತ್ತೇನೆ. ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ.